ಮೊದಲು ರಿಪೇರಿ, ಆಮೇಲೆ ಮೊಳಕೆ

ನಮಸ್ಕಾರ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ರೈತ ಬಾಂಧವರೇ, ಅಕ್ಕಂದಿರೇ. ಮನೆಯಲ್ಲಿ ಬೀಜ ಎತ್ತಿಡುವವರು ಅಕ್ಕಂದಿರೇ ಅಲ್ವಾ, ನೀವು ಸ್ವಲ್ಪ ಹತ್ತಿರ ಕೂತು ಕೇಳಿ.

ಇವತ್ತು ನಾನು ಹೇಳುವುದು ಒಂದೇ ಮಾತು. ಗಿಡ ಮೊದಲು ರಿಪೇರಿ ಮಾಡಿಕೊಳ್ಳುತ್ತದೆ, ಆಮೇಲೆ ಬೆಳೆಯುತ್ತದೆ.

ಯಾವುದರ ರಿಪೇರಿ? ಡಿಎನ್‌ಎ ರಿಪೇರಿ. ಗಿಡದ ಜೀವಕೋಶದಲ್ಲೆಲ್ಲ ಡಿಎನ್‌ಎ ಇದೆ. ಎಲೆ ಹೇಗಿರಬೇಕು, ಹೂ ಯಾವಾಗ ಬಿಡಬೇಕು, ಎಲ್ಲ ಲೆಕ್ಕ ಅದರಲ್ಲೇ. ಎರಡೆಳೆ ಹುರಿ ಹಾಕಿದ ಹಗ್ಗದ ಹಾಗಿರುತ್ತದೆ. ಒಂದೆಳೆ ಕೆಟ್ಟರೆ ಇನ್ನೊಂದನ್ನು ನೋಡಿಕೊಂಡು ಸರಿಮಾಡಬಹುದು. ಎರಡೂ ತುಂಡಾದರೆ ಕಷ್ಟ.

ನಮ್ಮ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಅದರಲ್ಲಿರುವ ನೇರಳಾತೀತ ಕಿರಣ ಬಿದ್ದರೆ ಡಿಎನ್‌ಎಯಲ್ಲಿ ಆ ಲೆಕ್ಕ ಬರೆದಿರುವ ಅಕ್ಷರಗಳಂಥ ತುಣುಕುಗಳಲ್ಲಿ ಅಕ್ಕಪಕ್ಕದವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಾವು ನೆರಳಿಗೆ ಹೋಗುತ್ತೇವೆ. ಹತ್ತಿ ಗಿಡ ಎಲ್ಲಿಗೆ ಹೋಗಬೇಕು? ಗಿಡದಲ್ಲಿ ಫೋಟೋಲೈಯೇಸ್ ಎಂಬ ಕಿಣ್ವ ಇದೆ. ಅದೇ ಬಿಸಿಲಿನ ನೀಲಿ ಬೆಳಕನ್ನು ಹಿಡಿದು, ಆ ಬಲದಿಂದಲೇ ಅಂಟಿದ್ದನ್ನು ಬಿಡಿಸುತ್ತದೆ! ಎಷ್ಟು ಸಲ ಪಾಠ ಮಾಡಿದರೂ ನನಗೆ ಇದು ಬೇಜಾರಾಗಿಲ್ಲ. ಮನುಷ್ಯರಲ್ಲಿ ಈ ಕಿಣ್ವ ಇಲ್ಲ. ನಮ್ಮ ಕೋಶಗಳು ಕೆಟ್ಟ ತುಂಡನ್ನೇ ಕತ್ತರಿಸಿ ತೆಗೆದು ಹೊಸದು ಕಟ್ಟಬೇಕು. 2015ರಲ್ಲಿ ಡಿಎನ್‌ಎ ರಿಪೇರಿಯ ಕೆಲಸಕ್ಕೆ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರಲ್ಲಿ ಟರ್ಕಿಯಲ್ಲಿ ಹುಟ್ಟಿದ ಅಜೀಜ್ ಸಂಜಾರ್ ಈ ಕಿಣ್ವದ ಹಿಂದೆ ಬಿದ್ದವರು.

ಈಗ ಬೀಜಕ್ಕೆ ಬರೋಣ. ನನ್ನ ಕೆಲಸವೇ ಅದು. ಒಣ ಬೀಜದೊಳಗೆ ರಿಪೇರಿ ನಡೆಯುವುದಿಲ್ಲ, ಯಾಕಂದ್ರೆ ನೀರಿಲ್ಲ. ಹಾನಿ ಮಾತ್ರ ನಿಲ್ಲುವುದಿಲ್ಲ. ಬಿಸಿಯೂ ತೇವವೂ ಸೇರಿದರೆ ಡಿಎನ್‌ಎ ಅಲ್ಲಲ್ಲಿ ತುಂಡಾಗುತ್ತಾ ಹೋಗುತ್ತದೆ. ಮಣ್ಣಿಗೆ ಬಿದ್ದು ನೀರು ಕುಡಿದ ಬೀಜ ಕೆಲವೇ ಗಂಟೆಗಳಲ್ಲಿ ರಿಪೇರಿಗೆ ಕೂರುತ್ತದೆ. ಅದು ಮುಗಿಯುವ ತನಕ ಕೋಶ ಒಡೆದು ಎರಡಾಗದಂತೆ ತಡೆದು ಹಿಡಿಯುತ್ತದೆ. ಹಾನಿ ಜಾಸ್ತಿ ಇದ್ದರೆ ಮೊಳಕೆ ತಡ. ತೀರಾ ಜಾಸ್ತಿಯಾದರೆ ಮೊಳಕೆಯೇ ಇಲ್ಲ.

ಮಸ್ಕಿ ಹತ್ತಿರದ ಒಂದು ಹಳ್ಳಿಯ ಮಾತು. ಹಿಂಗಾರು ಬಿತ್ತನೆ ಮುಗಿದಿತ್ತು. ಒಬ್ಬರು ಫೋನ್ ಮಾಡಿದರು. "ಸರ, ಕಡಲಿ ಎದ್ದೇ ಇಲ್ರಿ. ಬೀಜ ಸತ್ತಾವ. ಹರಗಿ ಮತ್ತ ಬಿತ್ತತೀನಿ." ಸ್ವಲ್ಪ ತಾಳಪ್ಪ, ಬಂದು ನೋಡ್ತೀನಿ ಅಂದೆ. ಹೋದರೆ, ಸಾಲುದ್ದಕ್ಕೂ ಬೆರಳು ಹಾಕಿ ಮಣ್ಣು ಕೆದರಿ ನೋಡಿದ್ದಾರೆ. ದಯವಿಟ್ಟು ಹೀಗೆ ಮಾಡಬೇಡಿ. ಎಷ್ಟು ಸಲ ಹೇಳಿದರೂ ಮಾಡುತ್ತೀರಿ! ಕೆದರದ ಒಂದು ಕಡೆ ನಾನು ಎರೆ ಮಣ್ಣಿನ ಹೆಂಟೆ ಸರಿಸಿದೆ. ಕಡಲೆ ಉಬ್ಬಿತ್ತು. ಮೂತಿಯ ಹತ್ತಿರ ಸಿಪ್ಪೆ ಬಿರಿದು ಬೇರಿನ ಬಿಳಿ ತುದಿ ಆಗಷ್ಟೇ ಕಾಣಿಸುತ್ತಿತ್ತು. ಬೀಜ ಸತ್ತಿರಲಿಲ್ಲ.

ಆದರೆ ಬದುವಿನ ಪಕ್ಕದ ಕೆಲವು ಸಾಲುಗಳಲ್ಲಿ ಸಸಿ ಆಗಲೇ ಮೇಲೆದ್ದು ಎಲೆ ಬಿಚ್ಚಿದ್ದವು. ಇದು ಯಾರ ಬೀಜ ಅಂತ ಕೇಳಿದೆ. "ಅದು ನಮ್ಮವ್ವ ಹಾಕಿದ್ದು ರೀ." ಬುತ್ತಿ ತಂದಿದ್ದ ಅವ್ವ ಅಲ್ಲೇ ಇದ್ದರು. "ತಮ್ಮಾ, ನಾ ಚಲೋ ಒಣಗಿಸಿ, ಗಡಿಗ್ಯಾಗ ಬೂದಿ ಕಲಸಿ, ಬಾಯಿಗೆ ಸೆಗಣಿ ಮೆತ್ತಿ ಒಳಕೋಣ್ಯಾಗ ಇಟ್ಟಿದ್ದೆ. ಇವಾ ಚೀಲಾನ ತಗಡಿನ ಶೆಡ್ಡಿನ್ಯಾಗ ಒಗದಿದ್ದ" ಅಂದರು. ನೋಡಿ, ಒಂದೇ ಕಣದ ಕಡಲೆ. ಒಂದೇ ಹೊಲ, ಒಂದೇ ಹದ. ಮಗನ ಬೀಜ ಬೇಸಿಗೆಯೆಲ್ಲ ತಗಡಿನ ಕೆಳಗೆ ಬೆಂದಿತ್ತು, ಮಳೆಗಾಲದ ತೇವ ಎಳೆದುಕೊಂಡಿತ್ತು. ಅದಕ್ಕೆ ರಿಪೇರಿ ಕೆಲಸ ರಾಶಿ ಬಿದ್ದಿತ್ತು. ಅವ್ವನ ಬೀಜಕ್ಕೆ ಸ್ವಲ್ಪವೇ. ಹರಗುವುದು ಬೇಡ ಅಂದೆ. ತಡವಾಗಿ ಎದ್ದವು. ಅಲ್ಲಲ್ಲಿ ಖಾಲಿ ಬಿದ್ದ ಕಡೆ ಮಾತ್ರ ಮತ್ತೆ ಬೀಜ ಊರಿದರು.

ಬೀಜ ವಿಜ್ಞಾನದವರ ಹಳೆಯ ಲೆಕ್ಕ ಒಂದಿದೆ. ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿಸಿದರೆ ಬಾಳಿಕೆ ಸುಮಾರು ಎರಡು ಪಟ್ಟು. ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೆ ಮತ್ತೆ ಎರಡು ಪಟ್ಟು. ಅವ್ವ ಎರಡನ್ನೂ ಮಾಡಿದ್ದರು.

ಸಮಯ ಆಗ್ತಾ ಬಂತು, ಹೂವಿನ ವಿಷಯ ಬೇಗ ಹೇಳಿಬಿಡ್ತೀನಿ. ಪರಾಗ ಮತ್ತು ಅಂಡ ತಯಾರಾಗುವಾಗ ಗಿಡ ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸುತ್ತದೆ. ಹೌದು, ಬೇಕಂತಲೇ. ತಾಯಿಯಿಂದ ಬಂದದ್ದನ್ನೂ ತಂದೆಯಿಂದ ಬಂದದ್ದನ್ನೂ ಜೋಡಿಸಿಟ್ಟುಕೊಂಡು ರಿಪೇರಿ ಮಾಡುತ್ತದೆ. ಆಗ ಗುಣಗಳು ಅದಲುಬದಲಾಗುತ್ತವೆ. ಸಿಂಧನೂರು, ಗಂಗಾವತಿ ಗದ್ದೆಗಳಲ್ಲಿ ಬೆಳೆಯುವ ಸೋನಾ ಮಸೂರಿ ಕೂಡ ಸೋನಾ, ಮಸೂರಿ ಎಂಬ ಎರಡು ತಳಿ ಕೂಡಿಸಿ ಮಾಡಿದ್ದು. ಈ ರಿಪೇರಿ ಇಲ್ಲದಿದ್ದರೆ ಅಂಥ ತಳಿ ಹುಟ್ಟುತ್ತಿರಲಿಲ್ಲ.

ಕಡಲೆ ಬಿತ್ತುವವರು ಹಿಂದಿನ ರಾತ್ರಿ ಬೀಜ ನೆನೆಸಿ, ಬೆಳಗ್ಗೆ ನೀರು ಬಸಿದು, ನೆರಳಲ್ಲಿ ಮೇಲಿನ ತೇವ ಆರಿಸಿ, ಹದ ಇರುವಾಗ ಅವತ್ತೇ ಬಿತ್ತಿ. ರಿಪೇರಿಗೆ ಒಂದು ರಾತ್ರಿ ಮುಂಚೆಯೇ ಸಿಕ್ಕ ಹಾಗಾಗುತ್ತದೆ. ಬಿತ್ತನೆ ಇನ್ನೂ ದೂರ ಇರುವಾಗಲೇ 100 ಬೀಜ ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ಮಾರನೇ ದಿನವೇ ಬಿಚ್ಚಿ ಬೀಜ ಕೆಟ್ಟಿದೆ ಅನ್ನಬೇಡಿ. ಗೋಣಿ ಒಣಗದಂತೆ ನೀರು ಚಿಮುಕಿಸುತ್ತಾ ಒಂದು ವಾರ ಬಿಟ್ಟು, ಎಷ್ಟು ಮೊಳೆತಿವೆ ಅಂತ ಎಣಿಸಿ. ನಮಸ್ಕಾರ.