ಹೊಡೆದುಹಾಕಿದ ಪ್ಯಾರಾ

ಕೇಳುಗರಿಗೆ ನಮಸ್ಕಾರ.

1931ರ ಮೇ ತಿಂಗಳಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬೆಲ್ಜಿಯಂ ದೇಶದ ಜಾರ್ಜ್ ಲೆಮೆತ್ರ್ ಎಂಬ ಪ್ರಾಧ್ಯಾಪಕರ ಪುಟ್ಟದೊಂದು ಪತ್ರ ಅಚ್ಚಾಯಿತು. ವಿಶ್ವದ ಶಕ್ತಿಯೆಲ್ಲವೂ ಒಂದೇ ಒಂದು ಕಣವಾಗಿದ್ದ ಸ್ಥಿತಿಯಿಂದ ಜಗತ್ತು ಹೊರಟಿದ್ದರೆ, ಆ ಆರಂಭದಲ್ಲಿ ಸ್ಥಳ, ಕಾಲ ಎಂಬ ಮಾತುಗಳಿಗೇ ಅರ್ಥವಿರುವುದಿಲ್ಲ, ಆ ಕಣವು ಒಡೆದು ಹಲವಾದ ಮೇಲಷ್ಟೇ ಅವಕ್ಕೆ ಅರ್ಥ ಬರುತ್ತದೆ ಎಂಬುದು ಆ ಪತ್ರದ ತಿರುಳು. ಕಾಲಕ್ಕೂ ಒಂದು ಮೊದಲಿರಬಹುದು ಎಂಬ ಮಾತು ಭೌತವಿಜ್ಞಾನದ ಭಾಷೆಯಲ್ಲಿ ಹೀಗೆ ಬಂದಿತು.

ಲೆಮೆತ್ರ್ 1923ರಲ್ಲಿ ದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿ. ಈ ಪತ್ರದ ಬೆರಳಚ್ಚು ಪ್ರತಿಯ ಕೊನೆಯಲ್ಲಿ ಇನ್ನೊಂದು ಪ್ಯಾರಾ ಇತ್ತು. ದೇವರನ್ನು ನಂಬುವವರು ಅವನು ಮರೆಯಲ್ಲಿರುವವನೆಂದೂ ನಂಬುತ್ತಾರೆ, ಸೃಷ್ಟಿಯನ್ನು ಮರೆಮಾಡುವ ಒಂದು ತೆರೆಯನ್ನು ಇಂದಿನ ಭೌತವಿಜ್ಞಾನವೇ ಒದಗಿಸಿರುವುದನ್ನು ಕಂಡು ಅವರು ಸಂತೋಷಪಡಬಹುದು ಎಂಬ ಅರ್ಥದ ಮಾತುಗಳು ಅಲ್ಲಿದ್ದವು. ಅವನ್ನು ಗೆರೆ ಎಳೆದು ಹೊಡೆದುಹಾಕಲಾಗಿದೆ; ಅಚ್ಚಾದ ಪತ್ರದಲ್ಲಿ ಅವು ಇಲ್ಲ. ಇಷ್ಟು ವರ್ಷಗಳಿಂದ ನನ್ನ ಮನಸ್ಸನ್ನು ಹಿಡಿದಿಟ್ಟಿರುವುದು ಆ ಗೆರೆಯೇ. ನಂಬಿಕೆ ಸಡಿಲಗೊಂಡು ಎಳೆದ ಗೆರೆ ಅದಲ್ಲ, ಏಕೆಂದರೆ ಅವರು ಕೊನೆಯವರೆಗೂ ಪಾದ್ರಿಯಾಗಿಯೇ ಬಾಳಿದರು.

ಆ ಗೆರೆಯ ಬೆಲೆ ಮುಂದಿನ ಎರಡು ದಶಕಗಳಲ್ಲಿ ತಿಳಿಯಿತು. 1949ರ ಮಾರ್ಚಿನಲ್ಲಿ ಬ್ರಿಟನ್ನಿನ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರು ಬಿಬಿಸಿಯ ಬಾನುಲಿ ಭಾಷಣವೊಂದರಲ್ಲಿ ಈ ವಾದವನ್ನು ‘ಬಿಗ್ ಬ್ಯಾಂಗ್’ ಎಂದು ಕರೆದರು. ನಾವು ಮಹಾಸ್ಫೋಟ ಎನ್ನುವ ಹೆಸರು ಹುಟ್ಟಿದ್ದು ಹೀಗೆ, ಬಾನುಲಿಯಲ್ಲಿ. ಆರಂಭವೆಂದರೆ ಸೃಷ್ಟಿಕರ್ತನಿಗೆ ಬಾಗಿಲು ತೆರೆದಂತೆ ಎಂಬ ಅಸಮಾಧಾನ ಅವರಿಗಿತ್ತು. 1951ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು, ವಿಜ್ಞಾನವು ಸೃಷ್ಟಿಯ ಆ ಮೊದಲ ಕ್ಷಣಕ್ಕೆ ಸಾಕ್ಷಿ ನುಡಿಯುತ್ತಿದೆ ಎಂದು ಸಂತೋಷದಿಂದ ಸಾರಿದರು. ನನಗೆ ತೋರುವಂತೆ, ಎದುರುಬದುರು ನಿಂತಿದ್ದ ಇವರಿಬ್ಬರದೂ ಒಂದೇ ಎಣಿಕೆ: ಕಾಲಕ್ಕೆ ಮೊದಲಿದ್ದರೆ ದೇವರಿಗೆ ಗೆಲುವು, ಇಲ್ಲದಿದ್ದರೆ ಸೋಲು. ಪೋಪರ ಮಾತು ಲೆಮೆತ್ರ್ ಅವರಿಗೆ ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಪೂರ್ತಿ ಹೊರಗಿದೆ ಎಂದು ಅವರು 1958ರಲ್ಲಿ ಸ್ಪಷ್ಟವಾಗಿಯೇ ಹೇಳಿದರು.

ಅವರ ಪರಂಪರೆಯಲ್ಲಿ ಇದು ಹೊಸ ಮಾತೇನಲ್ಲ. ಜಗತ್ತಿಗೆ ಆರಂಭವಿತ್ತೆಂಬುದನ್ನು ತರ್ಕದಿಂದ ಸಾಧಿಸಲಾಗದು, ಅದು ನಂಬಿಕೆಯಿಂದ ಮಾತ್ರ ತಿಳಿಯುವಂಥದ್ದು ಎಂದು 13ನೆಯ ಶತಮಾನದಲ್ಲೇ ಕ್ಯಾಥೊಲಿಕ್ ದಾರ್ಶನಿಕ ಥಾಮಸ್ ಅಕ್ವಿನಾಸ್ ಬರೆದಿದ್ದರು. ಅವರು ಅಲ್ಲಿ ಎತ್ತಿಕೊಳ್ಳುವ ಒಂದು ಹಳೆಯ ಉಪಮೆ ಹೀಗಿದೆ: ಒಂದು ಪಾದ ಅನಾದಿಯಿಂದಲೂ ಧೂಳಿನ ಮೇಲೆ ಊರಿಕೊಂಡೇ ಇದ್ದರೆ, ಅದರ ಕೆಳಗಿನ ಹೆಜ್ಜೆಗುರುತೂ ಅನಾದಿಯೇ, ಆದರೂ ಆ ಗುರುತು ಮೂಡಿದ್ದು ಪಾದದಿಂದಲೇ. ಹಾಗೆ, ಜಗತ್ತು ಅನಾದಿಯಾಗಿದ್ದರೂ ಅದು ನಿಂತಿರುವುದು ಇನ್ನೊಂದರ ಆಸರೆಯಲ್ಲಿ ಎಂದು ಭಕ್ತನು ನಂಬಬಹುದು.

ಇದನ್ನು ಓದುವಾಗ ನನ್ನ ತಂದೆಯವರು ನೆನಪಾಗುತ್ತಾರೆ. ಬೆಳಗಿನ ಪೂಜೆಗೆ ಕೂತು, ಉದ್ಧರಣೆಯಿಂದ ಅಂಗೈಗೆ ನೀರು ಹಾಕಿಕೊಂಡು, ‘ದ್ವಿತೀಯ ಪರಾರ್ಧೇ, ಶ್ವೇತವರಾಹ ಕಲ್ಪೇ’ ಎಂದು ಅವರು ಸಂಕಲ್ಪ ಹೇಳುತ್ತಿದ್ದರು. ಒಂದು ಕಲ್ಪವೆಂದರೆ 432 ಕೋಟಿ ವರ್ಷ. ಈ ಲೆಕ್ಕ ನಿಜವೇ ಅಪ್ಪ, ಎಂದು ಹೈಸ್ಕೂಲಿನ ಹುಡುಗನಾಗಿದ್ದಾಗ ಕೇಳಿದ್ದೆ. ‘ಇಷ್ಟು ದೊಡ್ಡ ಕಾಲದಲ್ಲಿ ನಾನು ಎಲ್ಲಿ ಕೂತಿದ್ದೇನೆ ಅಂತ ದೇವರ ಮುಂದೆ ಹೇಳಿಕೊಳ್ಳೋದು ಮಗು’ ಎಂದರು. ಆ ಸಂಖ್ಯೆ ತಪ್ಪೆಂದು ಯಾರಾದರೂ ತೋರಿಸಿದ್ದರೂ ಮರುದಿನ ಬೆಳಿಗ್ಗೆ ಅವರ ಅಂಗೈಯಲ್ಲಿ ನೀರು ಇದ್ದೇ ಇರುತ್ತಿತ್ತು. ಅವರು ನೆಚ್ಚಿದ್ದು ಲೆಕ್ಕವನ್ನಲ್ಲ, ಯಾರ ಮುಂದೆ ಕೂತಿದ್ದರೋ ಅವನನ್ನು.

ಇಂದು ವಿಶ್ವದ ವಯಸ್ಸನ್ನು ಸುಮಾರು 1380 ಕೋಟಿ ವರ್ಷವೆಂದು ಎಣಿಸುತ್ತಾರೆ. ಆದರೆ ಆ ಮೊದಲ ಗಳಿಗೆಯ ಹತ್ತಿರ ಹೋದಂತೆ ಐನ್‌ಸ್ಟೈನರ ಸಮೀಕರಣಗಳು ಕೈಕೊಡುತ್ತವೆ. ಅದು ಕಾಲದ ಹುಟ್ಟೋ, ಹಿಂದಿನದೊಂದು ಸ್ಥಿತಿಯ ಮುಂದುವರಿಕೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಲೆಮೆತ್ರ್ ಎಳೆದ ಗೆರೆ ಇದಕ್ಕೂ ಜಾಗ ಬಿಟ್ಟಿತ್ತು.

ವಿಶ್ವದ ಆ ಬಿಸಿ ಬಾಲ್ಯದಿಂದ ಉಳಿದುಬಂದ ಮಂದ ವಿಕಿರಣವನ್ನು ಅಮೆರಿಕದ ನ್ಯೂಜೆರ್ಸಿಯ ಒಂದು ಆಂಟೆನಾದಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ಗುರುತಿಸಿದ ವಿಷಯ 1965ರಲ್ಲಿ ಪ್ರಕಟವಾಯಿತು. ಆ ಸುದ್ದಿಯನ್ನು ಲೆಮೆತ್ರ್ ಅವರಿಗೆ ಅವರ ಸಹಾಯಕರು ತಲುಪಿಸಿದರು. ಲೆಮೆತ್ರ್ ಆಗಲೇ ಕಾಯಿಲೆ ಬಿದ್ದಿದ್ದರು. 1966ರ ಜೂನ್ 20ರಂದು ತೀರಿಕೊಂಡರು.