ಕಲ್ಲಿಲ್ಲದ ದ್ವೀಪಗಳು

ಕೇಳುಗರಿಗೆ ನಮಸ್ಕಾರ.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಎಂಬ ಸರಕು ಹಡಗುಗಳಲ್ಲಿ ತರಕಾರಿ, ದಿನಸಿಯ ಜೊತೆಗೆ ಜಲ್ಲಿಕಲ್ಲೂ ಇರುತ್ತದೆ. ಕಡಲು ದಾಟಿಸಿ ಕಲ್ಲನ್ನೇಕೆ ಒಯ್ಯಬೇಕು? ಅಲ್ಲಿ ಕರಿಕಲ್ಲೂ ಇಲ್ಲ, ಮುರಕಲ್ಲೂ ಇಲ್ಲ. ಕಾಲಡಿಯ ನೆಲವೆಲ್ಲ ಹವಳದ ಚೂರು, ಹವಳದ ಮರಳು. ಹೀಗೆ ಹುಟ್ಟಿದ ನೆಲ ಒಟ್ಟು 32 ಚದರ ಕಿಲೋಮೀಟರ್ ಅಷ್ಟೇ. ಹವಳದ ದಿಬ್ಬಗಳು ಬಳಸಿ ನಿಂತ ಒಳಕಡಲು ಮಾತ್ರ ಸುಮಾರು 4,200 ಚದರ ಕಿಲೋಮೀಟರ್.

ಈ ದಿಬ್ಬ ಕಟ್ಟುವುದು ಪಾಲಿಪ್ ಎಂಬ ಪ್ರಾಣಿ. ಹೆಚ್ಚಿನವು ಕೆಲವೇ ಮಿಲಿಮೀಟರ್ ಅಗಲ. ಕಡಲನೀರಿನ ಸುಣ್ಣದಂಶ ಹೀರಿ ತನ್ನ ಬುಡದಲ್ಲಿ ಬಟ್ಟಲು ಕಟ್ಟಿಕೊಳ್ಳುತ್ತದೆ. ಕವಲೊಡೆಯುವ ಹವಳ ವರ್ಷಕ್ಕೆ 10 ಸೆಂಟಿಮೀಟರ್‌ವರೆಗೂ ಬೆಳೆದೀತು. ಗುಂಡುಕಲ್ಲಿನಂತಿರುವ ಪೋರೈಟಿಸ್ ಹವಳ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಕಟ್ಟಡದ ಕೂಲಿ ಕೊಡುವವರು ಬೇರೆ: ಪಾಲಿಪ್‌ನ ಮೈಯೊಳಗೇ ಬಾಳುವ ಸೂಕ್ಷ್ಮ ಪಾಚಿ. ಬಿಸಿಲಿನಲ್ಲಿ ಅದು ತಯಾರಿಸುವ ಸಕ್ಕರೆಯಿಂದ ಹವಳಕ್ಕೆ ಬೇಕಾದ ಶಕ್ತಿಯ 90 ಶೇಕಡಾವರೆಗೂ ದಕ್ಕುತ್ತದೆ. ಬಣ್ಣವೂ ಬಹುಮಟ್ಟಿಗೆ ಅದರದ್ದೇ.

ಕಡುಬೇಸಗೆಯಲ್ಲಿ ನೀರು ಎಂದಿನ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚು ಕಾದು, ನಾಲ್ಕಾರು ವಾರ ಹಾಗೇ ನಿಂತರೆ ಈ ಸಂಸಾರ ಮುರಿಯುತ್ತದೆ. ಕಾವಿಗೆ ಪಾಚಿಯ ಕೆಲಸ ಕೆಟ್ಟು ಆಮ್ಲಜನಕದ ವಿಷಕಾರಿ ರೂಪಗಳು ಹುಟ್ಟುತ್ತವೆ. ಹವಳ ಪಾಚಿಯನ್ನು ಹೊರಗೆ ತಳ್ಳುತ್ತದೆ, ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಆದದ್ದು ಇದೇ. ಬಿಳಿಚಿದ್ದೆಲ್ಲ ಸತ್ತದ್ದು ಎನ್ನುವುದು ತಪ್ಪು. ಅದು ಉಪವಾಸ ಬಿದ್ದಿರುತ್ತದೆ, ಅಷ್ಟೇ. ನೀರು ಬೇಗ ತಣಿದರೆ ಪಾಚಿ ಮರಳಿ ಸೇರಿಕೊಳ್ಳುತ್ತದೆ.

ಸತ್ತರೆ ಮಾತ್ರ, ಕೆಲವೇ ವಾರಗಳಲ್ಲಿ ಆ ಸುಣ್ಣದ ಮೇಲೆ ಹುಲ್ಲಿನಂಥ ಬೇರೆ ಪಾಚಿ ಹಬ್ಬುತ್ತದೆ. ತೇಲಿ ಬರುವ ಹವಳದ ಮರಿಗೆ ಅಂಟಿಕೊಳ್ಳಲು ಗಟ್ಟಿಯಾದ, ಚೊಕ್ಕ ಜಾಗ ಬೇಕು. ಅದನ್ನು ಕೆರೆದು ಕೊಡುವುದು ಗಿಳಿಮೀನು. ಕೊಕ್ಕಿನಂಥ ಹಲ್ಲಿನಿಂದ ಪಾಚಿಯ ಜೊತೆ ಸುಣ್ಣವನ್ನೂ ಕಚ್ಚಿ ನುಂಗಿ, ಗಂಟಲಲ್ಲಿ ಅರೆದು, ಮರಳಾಗಿ ಹೊರಹಾಕುತ್ತದೆ. ದೊಡ್ಡ ಮೀನೊಂದರಿಂದ ವರ್ಷಕ್ಕೆ ನೂರಾರು ಕಿಲೋ ಮರಳು! ಪ್ರವಾಸಿಗರು ಮೆಚ್ಚಿ ನಡೆಯುವ ಆ ಬಿಳಿ ದಂಡೆಯಲ್ಲಿ ಗಿಳಿಮೀನಿನ ಹಿಕ್ಕೆಯ ಪಾಲು ಸಣ್ಣದಲ್ಲ.

ದ್ವೀಪದ ಮೀನುಗಾರರು ಬಹುಕಾಲದಿಂದ ಗಿಳಿಮೀನಿಗಿಂತ ಹೊರಗಡಲಿನ ಟ್ಯೂನಾವನ್ನೇ ನಂಬಿದವರು. ಅದು ದಿಬ್ಬದ ಪುಣ್ಯವೇ ಸರಿ. ಬಲೆಯಲ್ಲ, ಉದ್ದನೆಯ ಗಳುವಿಗೆ ಕಟ್ಟಿದ, ಮುಳ್ಳಿಲ್ಲದ ಗಾಳ. ಸಿಕ್ಕ ಮೀನು ದೋಣಿಗೆ ಬಿದ್ದೊಡನೆ ತಾನಾಗಿ ಕಳಚಿಕೊಳ್ಳುತ್ತದೆ. ಆದರೆ ಟ್ಯೂನಾ ಹಿಂಡನ್ನು ದೋಣಿಯ ಬಳಿ ಹಿಡಿದಿಡಲು ಜೀವಂತ ಎರೆಮೀನು ಎರಚಬೇಕು. ಒಳಕಡಲಲ್ಲಿ ಅದನ್ನು ಹಿಡಿದು, ಕಡಲನೀರು ಸದಾ ಹಾಯುವ ತೊಟ್ಟಿಯಲ್ಲಿಟ್ಟು ಒಯ್ಯುತ್ತಾರೆ. ಎರೆಮೀನಿನ ಕೆಲವು ಜಾತಿಗಳು ಅಡಗುವುದು ಕವಲು ಹವಳದ ಸಂದುಗಳಲ್ಲಿ. ಬಿಸಿನೀರಿಗೆ ಮೊದಲು ಸಾಯುವುದೂ ಕವಲು ಹವಳವೇ. ಎರೆ ಸಿಗದ ದಿನ ದೋಣಿ ದಡದಲ್ಲೇ ಉಳಿಯುತ್ತದೆ.