ಟೀ ಕಪ್ಪಿನ ಕಲೆ: ತಿಕ್ಕಬೇಡಿ, ನೆನೆಸಿ

ಕೇಳುಗರಿಗೆ ನಮಸ್ಕಾರ. ಚಿತ್ರದುರ್ಗ, ದಾವಣಗೆರೆ ಕಡೆಯ ಮನೆಗಳಲ್ಲಿ ಈಗ ಬೆಳಗಿನ ಟೀ ಮುಗಿದಿರುತ್ತದೆ. ಕಪ್ಪುಗಳು ಸಿಂಕಿನಲ್ಲಿ ಬಿದ್ದಿರುತ್ತವೆ. ಅವುಗಳ ಒಳಗಿನ ಕಂದು ಕಲೆಯ ಬಗ್ಗೆ ನಾನು ಹೇಳುವುದು ಒಂದೇ ಮಾತು. ತಿಕ್ಕಬೇಡಿ, ನೆನೆಸಿ.

ಈ ಕಲೆ ಬರುವುದಾದರೂ ಎಲ್ಲಿಂದ? ಚನ್ನಗಿರಿ ಕಡೆ ಅಡಿಕೆ ಬೇಯಿಸುವವರಿಗೆ ಚೊಗರು, ಅಂದರೆ ಅಡಿಕೆ ಬೆಂದ ರಸ, ಗೊತ್ತು. ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ, ಅಲ್ವಾ? ಅದರಲ್ಲಿರುವುದು ಟ್ಯಾನಿನ್ ಎಂಬ ಒಗರು. ಟೀ ಪುಡಿಯಲ್ಲೂ ಅದೇ ಜಾತಿಯ ಒಗರಿದೆ. ಸಾಲದ್ದಕ್ಕೆ ನಮ್ಮದು ಬೋರ್‌ವೆಲ್ ನೀರು, ಸುಣ್ಣದ ಅಂಶ ಜಾಸ್ತಿ. ಒಗರು, ಸುಣ್ಣ, ಗಾಳಿ ಮೂರೂ ಸೇರಿ ಟೀ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಅದೇ ಕಪ್ಪಿಗೆ ಅಂಟುವುದು. ಕುಡಿದ ಕೂಡಲೇ ತೊಳೆದರೆ ಹೋಗುತ್ತದೆ. ಸಂಜೆವರೆಗೆ ಬಿಟ್ಟರೆ ಕೂತುಬಿಡುತ್ತದೆ.

ದಾವಣಗೆರೆಯಲ್ಲಿ ನಮ್ಮ ಪರಿಚಯದ ಒಬ್ಬ ಅಕ್ಕ ಇದ್ದಾರೆ. ಅವರ ಮನೆಯಲ್ಲಿ ಚಿನ್ನದ ಗೆರೆಯ ಪಿಂಗಾಣಿ ಕಪ್ಪು-ಬಸಿ ಸೆಟ್ ಇತ್ತು. ಬೀಗರು ಬಂದಾಗ ಮಾತ್ರ ಹೊರಗೆ ಬರುತ್ತಿತ್ತು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ಹಿಂದಿನ ರಾತ್ರಿ ಕಪ್ಪು ತೆಗೆದು ನೋಡುತ್ತಾರೆ, ಒಳಗೆಲ್ಲ ಕಂದು ಬಣ್ಣ. ಹಿಡಿದರು ನೋಡಿ ಸ್ಟೀಲ್ ನಾರು! ಚಿನ್ನದ ಗೆರೆಯೂ ಹೋಯಿತು, ಹೊಳಪೂ ಹೋಯಿತು. ಕಲೆ ಅಷ್ಟಿಷ್ಟು ಉಳಿಯಿತು. ಆಮೇಲೆ ಗೀರು ಬಿದ್ದ ಜಾಗದಲ್ಲೆಲ್ಲ ಕಲೆ ಮೊದಲಿಗಿಂತ ಬೇಗ ಹತ್ತತೊಡಗಿತು. ಅಂಗಡಿಯವನು ಕಳಪೆ ಮಾಲು ಕೊಟ್ಟ ಅಂತ ಬೈದರು. ಅಂಗಡಿಯವನೇನು ಮಾಡಿಯಾನು? ನಾನು ಹೋದಾಗ ಅಡುಗೆ ಸೋಡಾ ಕೇಳಿದೆ. ಮಿರ್ಚಿ ಕರಿಯುವ ಊರಲ್ಲಿ ಸೋಡಾ ಇಲ್ಲದ ಮನೆ ಎಲ್ಲಿದೆ? ಕಪ್ಪಿಗೆ ಒಂದು ಚಮಚ ಸೋಡಾ, ತುಂಬ ಬಿಸಿನೀರು. ಮುಟ್ಟಬೇಡಿ ಎಂದೆ. ಅವರ ಅತ್ತೆ ಮಾತ್ರ, "ತಿಕ್ಕದೆ ಹೋಗುತ್ತೇನಮ್ಮ, ನಿಮ್ಮದೆಲ್ಲ ರೇಡಿಯೋ ಮಾತು" ಅಂತ ಗೊಣಗುತ್ತಲೇ ಇದ್ದರು. ಅರ್ಧ ಗಂಟೆ ಬಿಟ್ಟು ಅವರ ಕೈಗೇ ಒದ್ದೆ ಬಟ್ಟೆ ಕೊಟ್ಟೆ. ಒಂದು ಸುತ್ತು ಒರೆಸಿದರು. ಕಪ್ಪು ಬಿಳಿ! ಅಜ್ಜಿ ಮಾತಾಡದೆ ಉಳಿದ ಕಪ್ಪುಗಳನ್ನೂ ತಂದಿಟ್ಟರು.

ಇಷ್ಟಾದರೂ ಜನ ಫೋನ್ ಮಾಡಿ ಕೇಳುತ್ತಾರೆ, "ಯಾವ ನಾರಿನಲ್ಲಿ ತಿಕ್ಕಲಿ ಮೇಡಂ?" ಯಾವುದರಲ್ಲೂ ಬೇಡ! ನೆನೆಸಿ.

ಸಮಯ ಆಯಿತು ಅಂತ ಆಗಲೇ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಅಲ್ಯೂಮಿನಿಯಂ ಕೆಟಲ್‌ಗೆ ಸೋಡಾ ಹಾಕಬೇಡಿ, ಕಪ್ಪಾಗುತ್ತದೆ. ಅದಕ್ಕೆ ಹುಣಸೆ ನೀರು. ಪಿಂಗಾಣಿ ಕೆಟಲ್ ಮೂತಿಯಲ್ಲಿ ಬಿಳಿ ಸುಣ್ಣ ಕಟ್ಟಿದ್ದರೂ ಹುಣಸೆ ಇಲ್ಲವೇ ನಿಂಬೆ ರಸ, ಸುಣ್ಣ ಕರಗುವುದು ಹುಳಿಗೆ. ಫ್ಲಾಸ್ಕಿನೊಳಗೆ ಕೈ ಹೋಗುವುದಿಲ್ಲ. ಒಂದು ಹಿಡಿ ಅಕ್ಕಿ, ಸೋಡಾ, ಬೆಚ್ಚಗಿನ ನೀರು ಹಾಕಿ ಮೆತ್ತಗೆ ಅಲ್ಲಾಡಿಸಿ.

ಬ್ಲೀಚಿಂಗ್ ಪುಡಿಗೆ ಹುಳಿ ಯಾವುದನ್ನೂ ಬೆರೆಸಬೇಡಿ, ಕ್ಲೋರಿನ್ ಅನ್ನುವ ವಿಷಗಾಳಿ ಏಳುತ್ತದೆ. ಕಪ್ಪಿಗೆ ಬ್ಲೀಚಿಂಗ್ ಯಾಕೆ ಬೇಕು, ಸುಮ್ನೆ ಸೋಡಾದಲ್ಲಿ ನೆನೆಸಿ ಅಂದೆನಲ್ಲ. ನಮಸ್ಕಾರ.